ಕೊಯಮತ್ತೂರಿನ ಕಪ್ಪೆ ದಂಡು

ಘಟ್ಟ ಇಳಿದು

ಚಂದನಾ, ಮನು, ನಾನು ಪರದೇಶಕ್ಕೆ ಹೋಗಿ ಬಂದೆ ಅಂದರೆ ನಿಮ್ಮಪ್ಪ ನಗುತ್ತಾನೆ. ಬೆಳಿಗ್ಗೆ ಚಾಮರಾಜನಗರದಲ್ಲಿ ಬಸ್ಸು ಹತ್ತಿ ಮಧ್ಯಾಹ್ನದ ಊಟಕ್ಕೆ ಇಳಿಯುವ ಊರು ಪರದೇಶ ಹೇಗಾಗುತ್ತದೆ ಎಂದು ಕೇಳುತ್ತಾನೆ. ಅವನು ಓದಿದವನು, ಅವನಿಗೆ ನಕಾಶೆ ಗೊತ್ತು. ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಗೆ ನಿಂತುಹೋದ ನನಗೆ ಅಂಗಡಿಯ ಬೋರ್ಡು ಓದಲಾಗದ ಊರೇ ಪರದೇಶ. ಗಡಿಯವರೆಗೆ ಬೋರ್ಡುಗಳೆಲ್ಲ ನನ್ನ ಜೊತೆ ಮಾತಾಡುತ್ತಿದ್ದವು. ಆಮೇಲೆ ಒಂದೊಂದಾಗಿ ಬಾಯಿ ಮುಚ್ಚಿಕೊಂಡವು. ದಿಂಬಂ ಘಟ್ಟದ ತಿರುವುಗಳಲ್ಲಿ ಸಂಡಿಗೆ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಅದು ಎಡಕ್ಕೆ ಹೋದಾಗ ನಾನೂ ಎಡಕ್ಕೆ, ಬಲಕ್ಕೆ ಹೋದಾಗ ನಾನೂ ಬಲಕ್ಕೆ ಹೋಗುತ್ತ ಕೆಳಗಿಳಿದೆ.

ಸತ್ಯಮಂಗಲದಲ್ಲಿ ಬಸ್ಸು ನಿಂತಿತು. ಡಬ್ಬವನ್ನು ಸೀಟಿನ ಮೇಲಿಟ್ಟು ಕಾಫಿ ಕುಡಿಯಲು ಇಳಿದೆ. ತಿರುಗಿ ಬಂದು ಹತ್ತಿದರೆ ನನ್ನ ಸೀಟಿನಲ್ಲಿ ದೊಡ್ಡ ಮೀಸೆಯವರೊಬ್ಬರು ಕೂತಿದ್ದರು. ಅದು ನನ್ನ ಜಾಗ ಅನ್ನಲು ನನಗೆ ಬಾಯಿ ಬರಲಿಲ್ಲ. ಕಂಬಿ ಹಿಡಿದು ಪಕ್ಕದಲ್ಲೇ ನಿಂತೆ. ಅವರೇ ಎದ್ದು ಜಾಗ ಕೊಡಲು ಬಂದರು, ನಾನು ಬೇಡ ಎಂದು ತಲೆಯಾಡಿಸಿದೆ. ಸಂಡಿಗೆ ಡಬ್ಬ ಎಲ್ಲಿ ಎಂದು ಹೊಳೆದದ್ದು ಬಸ್ಸು ಹೊರಡುವಾಗ. ಅಷ್ಟರಲ್ಲಿ ಹಿಂದಿನ ಬಸ್ಸಿನ ಕಂಡಕ್ಟರು ಡಬ್ಬವನ್ನು ತಲೆಯ ಮೇಲೆ ಎತ್ತಿ ಹಿಡಿದು, "ಕನ್ನಡ ಪಾಟೀ! ಕನ್ನಡ ಪಾಟೀ!" ಎಂದು ನಿಲ್ದಾಣವೆಲ್ಲ ಕೂಗುತ್ತ ಓಡುತ್ತಿದ್ದ. ಪಾಟಿ ಎಂದರೆ ಅಲ್ಲಿ ಅಜ್ಜಿ. ನಾನು ಹತ್ತಿದ್ದು ಬೇರೆ ಬಸ್ಸು. ಮೀಸೆಯವರ ಸೀಟು ಮೀಸೆಯವರದ್ದೇ ಆಗಿತ್ತು.

ಗಾಂಧಿಪುರಂ

ಗಾಂಧಿಪುರಂ ಬಸ್ ನಿಲ್ದಾಣಕ್ಕೆ ನಿಮ್ಮ ಸುಮತ್ತೆ ಬಂದಿದ್ದಳು, ಜೊತೆಗೆ ಅವಳ ಮಗಳು ಕಯಲ್. ನೀವು ಕಯಲಕ್ಕನನ್ನು ನೋಡಿ ಬಹಳ ದಿನವಾಯಿತು. ಈಗ ಎಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷ, ನನಗಿಂತ ಒಂದು ಗೇಣು ಎತ್ತರ. ಅವಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ಅವಳ ವಿಷಯವನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ. ನೀವು ಫೋನಿನಲ್ಲಿ ಓದಿ ಹೇಳಬೇಡಿ.

ಮನೆಯಲ್ಲಿ ಇರುವವರು ನಾಲ್ವರು. ಸುಮ ದಿನವೂ ರೈಲಿನಲ್ಲಿ ತಿರುಪ್ಪೂರಿಗೆ ಹೋಗಿ ಬನಿಯನ್ ಕಂಪನಿಯ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಅಳಿಯ ಸೆಂದಿಲನಿಗೆ ಪಂಪು, ಮೋಟಾರು ರಿಪೇರಿ ಅಂಗಡಿ. ಕಯಲ್ ಮೂರನೆಯವಳು. ನಾಲ್ಕನೆಯವರು ಸೆಂದಿಲನ ಅಪ್ಪ ಚೌಡಪ್ಪನವರು, ನನ್ನ ಬೀಗರು. ಅವರ ಹಿರಿಯರು ಯಾವ ಕಾಲದಲ್ಲೋ ಮಗ್ಗದ ಜೊತೆ ಈ ಕಡೆ ಬಂದು ಅವಿನಾಶಿಯ ಹತ್ತಿರ ನೆಲೆ ನಿಂತವರು. ಮನೆಯಲ್ಲಿ ಕನ್ನಡವೇ, ಆದರೆ ರಾಗ ಮಾತ್ರ ತಮಿಳಿನದು, ಪ್ರತಿ ಮಾತಿನ ಬಾಲವೂ ಮೇಲಕ್ಕೆ ಎದ್ದಿರುತ್ತದೆ. ಅವರಿಗೆ ಕನ್ನಡ ಓದಲು ಬಾರದು. ನನಗೋ, ಅವರ ಮುಂದೆ ಕನ್ನಡ ಆಡಲು ಬಾರದು. ಇಬ್ಬರನ್ನೂ ಸೇರಿಸಿದರೆ ಪೂರ್ತಿ ಕನ್ನಡ ಬಲ್ಲ ಒಬ್ಬ ಮನುಷ್ಯ ಆಗುತ್ತಿತ್ತು.

ನಿಮಗೆ ಗೊತ್ತಲ್ಲ, ನಮ್ಮ ಮನೆಗಳಲ್ಲಿ ಹೆಂಗಸರು ಬೀಗರ ಜೊತೆ ನೇರವಾಗಿ ಮಾತಾಡುವುದಿಲ್ಲ. ಸುಮಳ ಮದುವೆಯಾದಾಗಿನಿಂದ ನಾನು ಅವರಿಗೆ ಹೇಳಬೇಕಾದ್ದನ್ನೆಲ್ಲ ಬೇರೆಯವರ ಕೈಯಲ್ಲಿ ಹೇಳಿಸಿದ್ದೇನೆ.

"ಕೂಸೇ, ತಾತನಿಗೆ ಇನ್ನೊಂದು ದೋಸೆ ಬೇಕೇನೋ ಕೇಳು," ಎಂದೆ ಮರುದಿನ ಬೆಳಿಗ್ಗೆ. ತಾತ ನನ್ನಿಂದ ಒಂದು ಮೊಳ ದೂರದಲ್ಲಿ ಕೂತಿದ್ದರು.

"ಕಯಲು, ಬೇಡ ಅಂತ ಸಂಬಂಧಿಯಮ್ಮಗೆ ಹೇಳು," ಎಂದರು ಅವರು. ಸಂಬಂಧಿಯಮ್ಮ ಎಂದರೆ ಬೀಗಿತ್ತಿ, ನಾನು. "ಅವರು ಕೇಳಿದ್ದು ನನಗೆ ಕೇಳಿಸಲೇ ಇಲ್ಲ ಅಂತಾನೂ ಹೇಳು."

ಊಟದ ಮೇಜು

ಊಟಕ್ಕೆ ಎಲ್ಲರೂ ನೆಲದ ಮೇಲೆ ಕೂರುತ್ತಿದ್ದೆವು. ಏಕೆಂದರೆ ಊಟದ ಮೇಜಿನ ಮೇಲೆ ಕಪ್ಪೆಗಳಿದ್ದವು.

ಹೆಬ್ಬೆರಳಿನಷ್ಟು ಎತ್ತರದ ಬೂದು ಬಣ್ಣದ ಕಪ್ಪೆಗಳು. ಎರಡು ಕಾಲಿನ ಮೇಲೆ ನಿಂತು, ಎದೆಗೆ ಕವಚ ತೊಟ್ಟು, ಕೈಯಲ್ಲಿ ಈಟಿ ಹಿಡಿದವು. ಅವುಗಳ ದಳಪತಿ ಬಸವನಹುಳುವಿನ ಮೇಲೆ ಸವಾರಿ ಕೂತಿತ್ತು. ಯುದ್ಧಕ್ಕೆ ಬಸವನಹುಳು ಏರಿ ಹೊರಟವರನ್ನು ನಾನು ನೋಡಿದ್ದು ಅದೇ ಮೊದಲು.

"ಬೊಂಬೆ ಚೆನ್ನಾಗಿವೆ ಕೂಸೇ," ಎಂದೆ.

"ಬೊಂಬೆ ಅಲ್ಲ ಅಜ್ಜಿ. ಸೈನ್ಯ."

"ನಮ್ಮೂರಲ್ಲಿ ಇವು ಬಚ್ಚಲಿಗೆ ಬಂದರೆ ಪೊರಕೆಯಲ್ಲಿ ಆಚೆ ತಳ್ಳುತ್ತೇವೆ."

"ತಳ್ಳಿ ನೋಡಿ, ಈಟಿ ಇದೆ," ಎಂದಳು.

ಅದೊಂದು ಆಟ. ನಮ್ಮ ಹುಲಿ-ಕುರಿ ಆಟದ ಹಾಗೆ, ಆದರೆ ಮನೆಗಳೂ ಗೆರೆಗಳೂ ಇಲ್ಲ. ದೊಡ್ಡ ಮೇಜಿನ ಮೇಲೆ ಗುಡ್ಡ, ಹಳ್ಳ, ಮುರಿದ ಗೋಡೆ ಎಲ್ಲ ಇಟ್ಟು ಇಬ್ಬರು ತಮ್ಮ ತಮ್ಮ ದಂಡು ನಿಲ್ಲಿಸುತ್ತಾರೆ. ಎಷ್ಟು ದೂರ ನಡೆಸಬಹುದು ಎಂದು ಟೇಪಿನಲ್ಲಿ ಅಳೆಯುತ್ತಾರೆ. ಹೊಡೆತ ತಗುಲಿತೋ ಇಲ್ಲವೋ ಎನ್ನುವುದನ್ನು ದಾಳ ಹೇಳುತ್ತದೆ. ಆದರೆ ಆಟಕ್ಕೆ ಮುಂಚಿನ ಕೆಲಸವೇ ದೊಡ್ಡದು. ತನ್ನ ದಂಡನ್ನು ತಾನೇ ಅಂಟಿಸಿ, ತಾನೇ ಬಣ್ಣ ಬಳಿಯಬೇಕು. ಪೀಳಮೇಡಿನಲ್ಲಿ ಒಬ್ಬ ಹುಡುಗ ಅಂಟಿನಂಥ ರಸವನ್ನು ಮಷೀನಿಗೆ ಸುರಿದು ಈ ಕಪ್ಪೆಗಳನ್ನು ಅಚ್ಚು ತೆಗೆದು ಕೊಟ್ಟಿದ್ದನಂತೆ.

ಸೆಂದಿಲ ಅಂಗಡಿಯಿಂದ ಬಂದು ಕೈ ತೊಳೆಯುತ್ತ, "ಅತ್ತೆ, ಇವಳಿಗೆ ಶುರು ಮಾಡೋದು ಒಂದೇ ಗೊತ್ತು," ಎಂದ. "ಮೊದಲು ಕುಳ್ಳರ ಸೈನ್ಯ ಶುರು ಮಾಡಿದಳು. ಅರ್ಧಕ್ಕೆ ಬಿಟ್ಟಳು. ಆಮೇಲೆ ಎಲುಬುಗೂಡುಗಳ ಸೈನ್ಯ. ಅದಕ್ಕೆ ಕೈ ಕೂಡ ಅಂಟಿಸಲಿಲ್ಲ. ಎರಡೂ ಮಂಚದ ಕೆಳಗೆ ಬಿದ್ದಿವೆ. ಈಗ ಕಪ್ಪೆ."

"ಈ ಸಲ ಮುಗಿಸ್ತೀನಿ ಅಪ್ಪಾ."

"ಈ ಭಾನುವಾರ ಮುಗಿದಿರಬೇಕು. ಇಲ್ಲಾಂದ್ರೆ ಮೂರು ಸೈನ್ಯನೂ ಹಳೇ ಕಬ್ಬಿಣದವನಿಗೆ. ಆಟಕ್ಕೂ ಕುಂಬಿಡು, ಕೈ ಮುಗಿದುಬಿಡು."

"ಅದು ಪ್ಲಾಸ್ಟಿಕ್ ಅಪ್ಪಾ. ಕಬ್ಬಿಣದವನು ತಗೊಳ್ಳಲ್ಲ."

"ಸುಮ್ಮನೆ ಕೊಟ್ಟರೆ ತಗೋತಾನೆ."

ಸೆಂದಿಲ ಜೋರು ಮಾಡುವವನಲ್ಲ. ಅದಕ್ಕೇ ಅವನು ಹೀಗೆ ಮೆಲ್ಲಗೆ ಹೇಳಿದ್ದನ್ನು ಮನೆಯಲ್ಲಿ ಯಾರೂ ತಮಾಷೆ ಎಂದುಕೊಳ್ಳಲಿಲ್ಲ.

ಭಾನುವಾರ ಗಾಂಧಿಪುರದ ಒಂದು ಮಹಡಿಯಲ್ಲಿ ಈ ಆಟದವರೆಲ್ಲ ಸೇರುತ್ತಾರೆ. ಸ್ವಂತ ದಂಡು ಇಲ್ಲದವರಿಗೆ, ದಂಡಿಗೆ ಪೂರ್ತಿ ಬಣ್ಣ ಆಗದವರಿಗೆ ಅಲ್ಲಿ ಸರದಿ ಇಲ್ಲ. ಕಯಲ್ ಕಾಲೇಜು ಸೇರಿದಾಗಿನಿಂದ ಅಲ್ಲಿಗೆ ಹೋಗುತ್ತಿದ್ದಾಳೆ, ಹೋಗಿ ಗೋಡೆಗೆ ಒರಗಿ ನಿಲ್ಲುತ್ತಾಳೆ.

"ನಿಂತು ನೋಡೋದು ಸಾಕಾಯ್ತು ಅಜ್ಜಿ," ಎಂದಳು ನನ್ನೊಬ್ಬಳಿಗೆ ಕೇಳುವಂತೆ.

ನನಗೆ ಆ ಮಾತು ಚುಚ್ಚಿತು. ನಿಮ್ಮ ತಾತ ಗುಡಿಯ ಕಲ್ಲಿನ ಮೇಲೆ ಹುಲಿ-ಕುರಿ ಆಡುವಾಗ ನಾನು ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನೋಡುತ್ತಿದ್ದೆ. ಅವರು ಕುರಿಯನ್ನು ತಪ್ಪು ಮನೆಗೆ ಇಡುವುದು ನನಗೆ ಅಲ್ಲಿಂದಲೇ ಕಾಣುತ್ತಿತ್ತು. ಬಿಂದಿಗೆ ತುಂಬಿ ಹರಿದರೂ ನಿಂತಿರುತ್ತಿದ್ದೆ. ಒಂದು ಕಲ್ಲನ್ನಾದರೂ ಮುಟ್ಟಿದವಳಲ್ಲ.

ತಿರುಪ್ಪೂರು

ಕಪ್ಪೆಗಳ ಯುದ್ಧಕ್ಕೆ ಜೌಗು ನೆಲ ಬೇಕು, ಮೇಜಿಗೆ ಹಾಸಲು ಜೌಗು ಬಣ್ಣದ ಬಟ್ಟೆ ತನ್ನಿ ಎಂದು ಕಯಲ್ ಹೇಳಿದಳು. ಸುಮ ನನ್ನನ್ನು ತಿರುಪ್ಪೂರಿಗೆ ಕರೆದುಕೊಂಡು ಹೋದಳು. ರೈಲಿನಲ್ಲಿ ಹೆಣ್ಣುಮಕ್ಕಳೆಲ್ಲ ಒಬ್ಬರಿಗೊಬ್ಬರು ಹೂ ಮುಡಿಸುತ್ತ, ಡಬ್ಬ ತೆಗೆದು ತಿಂಡಿ ಹಂಚುತ್ತ ಹೋಗುತ್ತಾರೆ. ನನ್ನ ಕೈಗೂ ಯಾರೋ ಇಡ್ಲಿ ಇಟ್ಟರು. ಯಾರೆಂದು ಇವತ್ತಿಗೂ ಗೊತ್ತಿಲ್ಲ.

ಆ ಊರಿನಲ್ಲಿ ಬಟ್ಟೆಯನ್ನು ತೂಕ ಮಾಡಿ ಮಾರುತ್ತಾರೆ, ಮಕ್ಕಳೇ. ಗಜವಿಲ್ಲ, ಮೀಟರಿಲ್ಲ. ಕಂಪನಿಗಳಲ್ಲಿ ಉಳಿದ ತುಂಡುಗಳನ್ನು ರಾಶಿ ಹಾಕಿ ಈರುಳ್ಳಿಯ ಹಾಗೆ ತಕ್ಕಡಿಗೆ ಎತ್ತಿ ಹಾಕುತ್ತಾರೆ. ನಾನು ಒಂದು ತುಂಡನ್ನು ಎಳೆದು ನೋಡಿದೆ, ಅದು ಬರುತ್ತಲೇ ಇತ್ತು. ಅಂಗಡಿಯ ಇನ್ನೊಂದು ಮೂಲೆಯಲ್ಲಿ ಒಬ್ಬರು ಅದರ ಮೇಲೆ ಕೂತಿದ್ದರು.

ಜೌಗಿನ ಬಣ್ಣ ಯಾವುದು ಎನ್ನುವುದಕ್ಕೆ ಅಮ್ಮ ಮಗಳಿಗೆ ಜಗಳವಾಯಿತು. ಸುಮ ಗಿಳಿಹಸಿರು ಹಿಡಿದಳು.

"ಇದು ಜೌಗಲ್ಲ, ಮದುವೆಮನೆ," ಎಂದೆ. "ನಮ್ಮೂರ ಕೆರೆ ಬೇಸಿಗೆಯಲ್ಲಿ ಹೇಗಿರುತ್ತೆ? ಹಾಲು ಕಮ್ಮಿ ಹಾಕಿದ ಟೀ ಹಾಗೆ."

"ಅಮ್ಮಾ, ಕಪ್ಪೆ ಕಾಣಬೇಡವಾ ಅದರ ಮೇಲೆ?"

"ಕಾಣದೆ ಇರಲಿ ಅಂತಾನೇ ಕಪ್ಪೆ ಜೌಗಲ್ಲಿರೋದು."

ಅಂಗಡಿಯವನು ಇಬ್ಬರ ಮುಖವನ್ನೂ ನೋಡಿ, ಯಾತಕ್ಕೆ ಬಟ್ಟೆ ಎಂದು ತಮಿಳಿನಲ್ಲಿ ಕೇಳಿದ. ಕಪ್ಪೆಗಳಿಗೆ ಎಂದಳು ಸುಮ. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಮಕ್ಕಳ ಸೈಜಾ, ದೊಡ್ಡವರ ಸೈಜಾ ಎಂದು ಕೇಳಿದ.

ಕೊನೆಗೆ ಟೀ ಬಣ್ಣವೇ ಗೆದ್ದಿತು. ಮನೆಗೆ ಬರುವವರೆಗೂ ಸುಮ ನನ್ನ ಜೊತೆ ಮಾತಾಡಲಿಲ್ಲ. ರೈಲು ಇಳಿಯುವಾಗ ಮಾತ್ರ, "ಹಾಲು ಇನ್ನೊಂದು ಚೂರು ಇರಬೇಕಿತ್ತು," ಎಂದಳು.

ತಾರಸಿ

ಈಗ ನಾನು ಮಾಡಿದ ಕೆಲಸಕ್ಕೆ ಬರುತ್ತೇನೆ.

ಬಣ್ಣ ಹಚ್ಚುವ ಮುಂಚೆ ಕಪ್ಪೆಗಳ ಜಿಡ್ಡು ಹೋಗಬೇಕು ಎಂದು ಕಯಲ್ ಅವನ್ನೆಲ್ಲ ಸೋಪು ನೀರಿನಲ್ಲಿ ತೊಳೆದು, ಬುಟ್ಟಿಗೆ ಹಾಕಿ, "ಒಣಗಲಿ ಅಜ್ಜಿ, ಸಂಜೆ ಬಂದು ಶುರು ಮಾಡ್ತೀನಿ," ಎಂದು ಕಾಲೇಜಿಗೆ ಓಡಿದಳು.

ಒಣಗಲಿ ಎಂದರೆ ನನಗೆ ಗೊತ್ತಿರುವುದು ಒಂದೇ. ಇಷ್ಟು ವರ್ಷ ಸಂಡಿಗೆ ಹಪ್ಪಳ ಮಾಡಿ ಮಾರಿ ನಿಮ್ಮಪ್ಪನನ್ನೂ ಸುಮಳನ್ನೂ ಬೆಳೆಸಿದವಳು ನಾನು. ಒದ್ದೆಯಾದದ್ದು ಕಣ್ಣಿಗೆ ಬಿದ್ದರೆ ಕಾಲು ತಾನಾಗಿ ತಾರಸಿ ಮೆಟ್ಟಿಲು ಹತ್ತುತ್ತದೆ. ಸೆಂದಿಲನ ಅಂಗಡಿಯ ಒಂದು ತಗಡು ಮೇಲೆ ಬಿದ್ದಿತ್ತು. ಅದನ್ನು ಒರೆಸಿ, ಕಪ್ಪೆಗಳನ್ನು ಸಾಲಾಗಿ, ಒಂದಕ್ಕೊಂದು ತಾಗದಂತೆ ಅಂತರ ಬಿಟ್ಟು ಮಲಗಿಸಿದೆ. ಕಾಗೆ ಬಾರದಿರಲಿ ಎಂದು ಕಪ್ಪು ಕೊಡೆಯನ್ನೂ ಪಕ್ಕಕ್ಕೆ ನೆಟ್ಟೆ. ಕೊಯಮತ್ತೂರಿನ ಚೈತ್ರದ ಬಿಸಿಲು. ಸಂಡಿಗೆಯಾಗಿದ್ದರೆ ಎರಡು ದಿನದ ಕೆಲಸ ಒಂದೇ ದಿನಕ್ಕೆ ಆಗುತ್ತಿತ್ತು ಎಂದು ಹೆಮ್ಮೆಪಟ್ಟುಕೊಂಡು ಕೆಳಗಿಳಿದೆ.

ಮಧ್ಯಾಹ್ನ ಮಗುಚಿ ಹಾಕಲು ಹೋದೆ. ಈಟಿಗಳೆಲ್ಲ ಬಾಡಿದ ನುಗ್ಗೆಕಾಯಿಯ ಹಾಗೆ ಬಾಗಿದ್ದವು. ಎತ್ತಿ ನಿಲ್ಲಿಸಿದರೆ ಕಪ್ಪೆಗಳು ಮೊಣಕಾಲು ಮಡಚಿ ಮುಂದಕ್ಕೆ ಬಗ್ಗುತ್ತಿದ್ದವು. ಬಸವನಹುಳು ಕತ್ತು ಕೆಳಗೆ ಹಾಕಿ ದಳಪತಿಯನ್ನು ಇಳಿಯಲು ಹೇಳುವಂತಿತ್ತು.

ಮನೆಯಲ್ಲಿ ಚೌಡಪ್ಪನವರು ಒಬ್ಬರೇ, ಹಜಾರದಲ್ಲಿ ಪೇಪರು ಹಿಡಿದು ಕೂತಿದ್ದರು. ನಡುವೆ ಮಾತು ದಾಟಿಸಲು ಒಂದು ಬೆಕ್ಕೂ ಇರಲಿಲ್ಲ. ತಗಡು ಹಿಡಿದು ಬಾಗಿಲ ಸಂದಿಯಲ್ಲಿ ನಿಂತೆ. ಸೆರಗು ಎಳೆದುಕೊಂಡೆ. ಕೊನೆಗೆ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿಕೊಂಡು, "ಕಪ್ಪೆಗಳಿಗೆ ಏನೋ ಆಗಿದೆ," ಎಂದೆ.

"ಯಾರ ಹತ್ರ ಹೇಳ್ತಿದ್ದೀರಿ ಸಂಬಂಧಿಯಮ್ಮ? ಮುರುಗನ ಹತ್ರಾನಾ?" ಕ್ಯಾಲೆಂಡರಿನಲ್ಲಿ ಮುರುಗನಿದ್ದ.

"ನಿಮ್ಮ ಹತ್ರಾನೇ ಬೀಗರೇ."

ಅವರು ಪೇಪರು ಇಳಿಸಿ ನನ್ನನ್ನು ನೋಡಿದರು. ಆಮೇಲೆ ತಗಡು ನೋಡಿದರು. ಆಮೇಲೆ ನಕ್ಕರು, ನಗುತ್ತ ಕೆಮ್ಮಿದರು, ಕೆಮ್ಮುತ್ತ ಮತ್ತೆ ನಕ್ಕರು. "ವೆಯ್ಯಿಲ್ಗೆ ಹಾಕಿದಿರಾ! ವತ್ತಲ್ ಥರಾ!" ವೆಯ್ಯಿಲ್ ಎಂದರೆ ಬಿಸಿಲು, ವತ್ತಲ್ ಎಂದರೆ ನಮ್ಮ ಸಂಡಿಗೆಯೇ.

"ನಗಬೇಡಿ. ಮಗು ಸಂಜೆ ಬರುತ್ತೆ."

"ಕೊಂಜ ಇರಿ, ಸ್ವಲ್ಪ ತಾಳಿ. ಬಿಸಿಗೆ ಬಾಗಿದ್ದು ತಣ್ಣಗಾದರೆ ನೆಟ್ಟಗಾಗುತ್ತೆ. ಇದರಲ್ಲಿ ಏನಿದೆ?" ಎಂದು ಎಷ್ಟು ಗಟ್ಟಿಯಾಗಿ ಹೇಳಿದರೆಂದರೆ ನಾನು ನಂಬಿದೆ. ಇಬ್ಬರೂ ಸೇರಿ ಇಡೀ ದಂಡನ್ನು ಫ್ರೀಜರಿಗೆ ತುಂಬಿದೆವು. ಒಂದು ಗಂಟೆ ಬಿಟ್ಟು ತೆರೆದು ನೋಡಿದರೆ, ಹೇಗೆ ಬಾಗಿದ್ದವೋ ಹಾಗೆಯೇ ಕಲ್ಲಾಗಿದ್ದವು. ಮೆಲ್ಲಗೆ ಬಾಗಿಲು ಮುಚ್ಚಿದೆವು. ಹಜಾರದ ಎರಡು ಮೂಲೆಯಲ್ಲಿ ಇಬ್ಬರೂ, ಹೋಮ್‌ವರ್ಕ್ ಮಾಡದ ಮಕ್ಕಳ ಹಾಗೆ ಸಂಜೆಗೆ ಕಾದು ಕೂತೆವು.

ಕಯಲ್ ಬಂದವಳೇ ತಣ್ಣೀರಿಗೆಂದು ನೇರ ಫ್ರಿಜ್ ಹತ್ತಿರ ಹೋಗಿ, ಐಸಿಗೆ ಫ್ರೀಜರು ತೆರೆದಳು. ಒಳಗೆ ಇಡೀ ದಂಡು ಅವಳಿಗೆ ತಲೆ ಬಾಗಿಸಿ ನಮಸ್ಕಾರ ಮಾಡುತ್ತಿತ್ತು.

ಒಂದು ಕಪ್ಪೆಯನ್ನು ಅಂಗೈಯಲ್ಲಿಟ್ಟುಕೊಂಡು ನೆಲದ ಮೇಲೆ ಕೂತಳು.

"ಅಜ್ಜಿ, ಇವು ಸಂಡಿಗೆ ಅಲ್ಲ," ಎಂದಳು. ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಡುಗೆಮನೆ

ಬಾಗಿಲ ಹೊರಗೆ ನಿಂತು, "ಕೂಸೇ, ಉಪ್ಪಿಟ್ಟು ಮಾಡಲಾ?" ಎಂದೆ. ಅಷ್ಟರಲ್ಲಿ ಸುಮ ಬಂದಳು, ವಿಷಯ ಕೇಳಿ ಹಣೆ ಚಚ್ಚಿಕೊಂಡಳು. ಸೆಂದಿಲ ಬಂದ. ಮಂಚದ ಕೆಳಗಿನ ಪೆಟ್ಟಿಗೆಗಳ ಕಡೆ ಒಂದು ಸಲ ನೋಡಿದ. ಅವನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಬಾಗಿಲು ತಾನಾಗಿ ತೆರೆಯಿತು. ಕಯಲ್ ಕಣ್ಣು ಕೆಂಪಾಗಿತ್ತು, ಕಿವಿಗೆ ಫೋನು ಹಿಡಿದಿದ್ದಳು. ಅಚ್ಚಿನ ಹುಡುಗನ ಜೊತೆ ಮಾತಾಡುತ್ತಿದ್ದಳು. "ಬಿಸಿನೀರಲ್ಲಿ ಅದ್ದಬೇಕಂತೆ. ಮೆತ್ತಗಾದಾಗ ನೆಟ್ಟಗೆ ಹಿಡಿದು ತಣ್ಣೀರಿಗೆ ಹಾಕಬೇಕಂತೆ. ಅಜ್ಜಿ, ಒಲೆ ಹಚ್ಚಿ."

ನಾನು ಅಷ್ಟು ಬೇಗ ಯಾವತ್ತೂ ಒಲೆ ಹಚ್ಚಿಲ್ಲ. ನಾನು ಕಪ್ಪೆಯನ್ನು ಜಾಲರಿಯಲ್ಲಿ ಹಿಡಿದು ಬಿಸಿನೀರಿಗೆ ಅದ್ದುವುದು, ಕಯಲ್ ನೆಟ್ಟಗೆ ಮಾಡುವುದು, ಚೌಡಪ್ಪನವರು ಐಸು ನೀರಿನ ಬೋಸಿ ಹಿಡಿದು ಕೂ‌ರುವುದು. ಅವರ ಕೈ ಮರಗಟ್ಟಿತು. "ಬೀಗರೇ, ಬೋಸಿ ನೆಲಕ್ಕಿಡಿ," ಎಂದೆ. ಸುಮ ತಿರುಗಿ ನನ್ನನ್ನು ನೋಡಿದಳು. ಸೆಂದಿಲನೂ ನೋಡಿದ. ನನಗೆ ಬಿಸಿನೀರಿನ ಹಬೆಯಲ್ಲಿ ಯಾರ ಮುಖವೂ ಕಾಣಲಿಲ್ಲ, ಒಳ್ಳೆಯದೇ ಆಯಿತು.

ಹೆಚ್ಚಿನವು ನೆಟ್ಟಗಾದವು. ಕೆಲವು ಈಟಿಗಳು ಮುರಿದವು. ಸುಮ ತೆಂಗಿನ ಪೊರಕೆಯಿಂದ ಕಡ್ಡಿ ಕಿತ್ತು ತುದಿ ಚೂಪು ಮಾಡಿ ಅಂಟಿಸಿದಳು. ಬಸವನಹುಳುವಿನ ಕತ್ತು ಮಾತ್ರ ಎಷ್ಟು ಮಾಡಿದರೂ ಓರೆಯಾಗಿಯೇ ಉಳಿಯಿತು.

ಆಮೇಲಿನ ದಿನಗಳು ಬಣ್ಣದವು. ಕಾಲೇಜಿನಿಂದ ಬಂದೊಡನೆ ಕಯಲ್ ಕೂರುತ್ತಿದ್ದಳು, ನಾವು ಸುತ್ತ ಕೂರುತ್ತಿದ್ದೆವು. ಬಣ್ಣ ಹಚ್ಚುವುದರಲ್ಲಿ ಒಂದು ವಿಚಿತ್ರವಿದೆ. ಚೊಕ್ಕಟವಾಗಿ ಬಳಿದು ಒಣಗಿಸಿದ ಮೇಲೆ, ಅದರ ಮೇಲೆ ಮಸಿ ಕಲಸಿದಂಥ ಕೊಳೆ ನೀರನ್ನು ಎರಚುತ್ತಾರೆ. "ಅಯ್ಯೋ, ಏನು ಮಾಡ್ತಿದ್ದೀಯೆ!" ಎಂದು ನಾನು ಕೈ ಹಿಡಿದುಕೊಂಡೆ. ಆ ನೀರು ಸಂದಿಗೊಂದಿಗೆ ಇಳಿದು ನಿಂತಾಗಲೇ ಬೆರಳು ಬೆರಳಾಗಿ, ಮೂಗು ಮೂಗಾಗಿ ಕಾಣುವುದು. ಕಾಲ ಕೆಳಗಿನ ಕೆಸರಿಗೆ ಚೌಡಪ್ಪನವರ ಕಾಫಿ ಸೋಸಿದ ಚರಟ. ನನ್ನ ತಪ್ಪು ಮಾಫಿಯಾಯಿತು ಎನ್ನುವ ಗುರುತಿಗೆ ಕೊನೆಯಲ್ಲಿ ಕಣ್ಣು ಬರೆಯುವ ಕೆಲಸ ನನಗೆ ಬಂತು. ನನ್ನ ಕೈ ನಡುಗುತ್ತದೆ. ಒಂದೊಂದು ಕಣ್ಣು ಒಂದೊಂದು ಊರು ನೋಡುವಂತಾಯಿತು.

ಭಾನುವಾರ

ಬಟ್ಟೆಯಂಗಡಿಯೊಂದರ ಮೇಲಿನ ಮಹಡಿ. ಬಾಗಿಲಲ್ಲಿ ಚಪ್ಪಲಿಗಳ ರಾಶಿ, ಒಳಗೆ ಮದುವೆಮನೆಯ ಊಟದ ಸಾಲಿನ ಹಾಗೆ ಮೇಜುಗಳು. ನಾನೂ ಕಯಲೂ ಹೋಗಿದ್ದೆವು. ಸಂಜೆ ಕರೆದುಕೊಂಡು ಹೋಗಲು ಬರುತ್ತೇನೆ ಎಂದು ಸೆಂದಿಲ ಹೇಳಿದ್ದ.

ಯುದ್ಧ ಎಂದರೆ ಗಲಾಟೆ ಇರುತ್ತದೆ ಎಂದುಕೊಂಡಿದ್ದೆ. ಇವರಷ್ಟು ಮರ್ಯಾದೆಯಿಂದ ಕೊಲ್ಲುವವರನ್ನು ನಾನು ಕಂಡಿಲ್ಲ. ಕೊಲ್ಲುವ ಮುಂಚೆ ಸಾರಿ ಎನ್ನುತ್ತಾರೆ, ಸತ್ತವನ ಕಡೆಯವರು ಪರವಾಯಿಲ್ಲ ಎನ್ನುತ್ತಾರೆ. ಎಲ್ಲರ ಜೇಬಿನಲ್ಲೂ ದರ್ಜಿಯ ಹಾಗೆ ಟೇಪು. ದೇವರ ಮುಂದೆ ಕೂಡ ಅಷ್ಟು ಬಗ್ಗದ ದಪ್ಪ ದಪ್ಪ ಗಂಡಸರು ಮಂಡಿಯೂರಿ, ಮೇಜಿಗೆ ಕೆನ್ನೆ ತಾಗಿಸಿ, ತಮ್ಮ ಸೈನಿಕನಿಗೆ ಶತ್ರು ಕಾಣುತ್ತಾನೋ ಇಲ್ಲವೋ ಎಂದು ನೋಡುತ್ತಾರೆ. ಒಬ್ಬರು ಸರಿಯಾಗಿ ಬೀಳದ ದಾಳವನ್ನು ಗೋಡೆಯ ಮೂಲೆಯಲ್ಲಿ ಒಂಟಿಯಾಗಿ ಇಟ್ಟು ಶಿಕ್ಷೆ ಕೊಟ್ಟಿದ್ದರು. ಬಜ್ಜಿ ಬಂದಾಗ ಎಲ್ಲರೂ ಎದ್ದು ಹೋಗಿ ತಿಂದು, ಕೈ ತೊಳೆದು ಬಂದರು. ನಮ್ಮ ಗುಡಿ ಕಲ್ಲಿನವರು ಎಲೆ ಅಡಿಕೆ ಉಗಿಯಲೂ ಎದ್ದು ಹೋಗುತ್ತಿರಲಿಲ್ಲ.

ದಾಳಕ್ಕೆ ಶಿಕ್ಷೆ ಕೊಟ್ಟವರೇ ಅಲ್ಲಿಯ ಹಿರಿಯರು, ಕಣ್ಣಿನ ಡಾಕ್ಟರು. ಹೊಸ ದಂಡನ್ನು ಪರೀಕ್ಷೆ ಮಾಡುವವರೂ ಅವರೇ. ಕಯಲ್ ಕಪ್ಪೆಗಳನ್ನು ಟೀ ಬಣ್ಣದ ಜೌಗಿನ ಮೇಲೆ ನಿಲ್ಲಿಸಿದಳು. ಡಾಕ್ಟರು ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ನೋಡಿದರು. ತಮಿಳಿನಲ್ಲಿ ಏನೋ ಕೇಳಿದರು. ಕಯಲ್ ನನ್ನ ಕಡೆ ಕೈ ತೋರಿಸಿದಳು.

"ಏನಂತೆ?" ಎಂದೆ.

"ಕಣ್ಣು ಬರೆದದ್ದು ಯಾರು ಅಂದ್ರು. ಎಲ್ಲದಕ್ಕೂ ಮೆಳ್ಳೆಗಣ್ಣಂತೆ. ನಾಳೆ ಆಸ್ಪತ್ರೆಗೆ ಕರೆತಂದರೆ ಆಪರೇಷನ್ ಮಾಡ್ತಾರಂತೆ."

ಸುತ್ತ ನಿಂತವರು ನಕ್ಕರು. ನಾನು ಸೆರಗಿನೊಳಗೆ ಅಡಗಿದೆ. ಆದರೆ ಡಾಕ್ಟರು ನಗುವುದನ್ನು ನಿಲ್ಲಿಸಿ ಹಿಂದಿನ ಸಾಲಿನ ಒಂದು ಕಪ್ಪೆಯನ್ನು ತಿರುಗಿಸಿ ಹಿಡಿದರು. ಅದರ ಬೆನ್ನು ಬರೀ ಬೂದು. ನಮ್ಮ ನಾಲ್ಕು ಜೊತೆ ಕಣ್ಣಿಗೂ ಅದು ಬಿದ್ದಿರಲಿಲ್ಲ. ಡಾಕ್ಟರು ತಲೆಯಾಡಿಸಿದರು. ಇದು ನಿಲ್ಲುವ ಹಾಗಿಲ್ಲ ಎನ್ನುವುದು ನನಗೂ ತಿಳಿಯಿತು, ಅದಕ್ಕೆ ತಮಿಳು ಬೇಕಿರಲಿಲ್ಲ.

ಕಯಲ್ ಬಣ್ಣ ತಂದಿರಲಿಲ್ಲ. ಅವಳು ಮಿಕ್ಕ ಕಪ್ಪೆಗಳನ್ನು ಪೆಟ್ಟಿಗೆಗೆ ಎತ್ತಿಡಲು ಶುರು ಮಾಡಿದಳು. ನಾನು ಬಾಯಿ ತೆರೆದೆ. ತಮಿಳು ಬರಲಿಲ್ಲ, ಬಂದದ್ದು ಕನ್ನಡ. "ಸ್ವಾಮೀ, ತಪ್ಪು ನನ್ನದು. ನಾನು ಬಿಸಿಲಿಗೆ ಹಾಕಿ ಮಗುವಿನ ಒಂದು ದಿನ ಹಾಳು ಮಾಡಿದೆ. ಒಂದು ಬೆನ್ನು ತಾನೇ, ಬಳಿಯೋಕೆ ಬಿಡಿ." ಅಷ್ಟು ಜನರ ಮುಂದೆ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಡಾಕ್ಟರಿಗೆ ಎಷ್ಟು ಅರ್ಥವಾಯಿತೋ ಕಾಣೆ. ಕಯಲ್‌ಳನ್ನು ಕೇಳಿದರು, ಅವಳು ಬಿಸಿಲಿನ ಕಥೆ ಹೇಳಿದಳು. ಪಕ್ಕದ ಮೇಜಿನವರೂ ಆಟ ನಿಲ್ಲಿಸಿ ಕೇಳಿದರು. ಡಾಕ್ಟರು ಒಂದು ಕಪ್ಪೆಯ ಮೊಣಕಾಲನ್ನು ಮುಟ್ಟಿ ನೋಡಿ, ಎದ್ದು ಹೋಗಿ ತಮ್ಮ ಚೀಲದಿಂದ ಹಸಿರು ಬಣ್ಣ ಮತ್ತು ಬ್ರಷ್ಷು ತಂದು ಅವಳ ಮುಂದಿಟ್ಟರು. ಎಲ್ಲರೂ ಟೀ ಕುಡಿಯುತ್ತ ನಿಂತರು. ಕಯಲ್ ಬೆನ್ನು ಬಳಿದಳು. ಒಣಗುವವರೆಗೂ ಕಾದರು. ಯಾರೋ ಅದನ್ನು ಕಿಟಕಿಯ ಬಿಸಿಲಿನ ಕಡೆ ತೋರಿಸಿದರು, ಇಡೀ ಕೋಣೆ ಬೇಡ ಎಂದು ಕೂಗಿತು.

ಆಮೇಲೆ ಡಾಕ್ಟರು ತಮ್ಮ ತೋಳ ಸವಾರರನ್ನು ಎದುರು ಸಾಲಿನಲ್ಲಿ ನಿಲ್ಲಿಸಿ ಕಯಲ್‌ಗೆ ಏನೋ ಹೇಳಿದರು. ಇಷ್ಟು ದಿನ ಅವಳನ್ನು ಪಾಪಾ ಎನ್ನುತ್ತಿದ್ದವರು ಅವತ್ತು 'ನೀಂಗ' ಎಂದರು. ಅಂದರೆ ನೀವು. ನೀವು ಮೊದಲು ನಡೆಸಿ ಎಂದರು.

ಕಪ್ಪೆಗಳು ಹೇಳಹೆಸರಿಲ್ಲದಂತೆ ಸೋತವು. ಅದನ್ನು ಮುಚ್ಚಿಡುವುದೇನೂ ಇಲ್ಲ. ತೋಳಗಳು ನುಗ್ಗಿ ನುಗ್ಗಿ ಮೇಯ್ದವು. ಕಯಲ್ ಮುಖ ಮಾತ್ರ ಹಬ್ಬದ ದಿನದ ಹಾಗೆ ಹೊಳೆಯುತ್ತಿತ್ತು. ನಡುವೆ ಸೆಂದಿಲ ಬಂದ. ಬಾಗಿಲಲ್ಲಿ ನಿಂತ, ಮೇಜಿನ ಹತ್ತಿರ ಬಂದ, ಸ್ವಲ್ಪ ಹೊತ್ತಿಗೆ ಅವನೂ ಮಂಡಿಯೂರಿದ. "ಗುಡ್ಡದ ಹಿಂದೆ ಹೋಗು! ಹಿಂದೆ ಹೋಗು ಕಣ್ಣೂ!" ಎಂದು ಅವನು ಕೂಗಿದಾಗ ಇಡೀ ಮಹಡಿ ತಿರುಗಿ ನೋಡಿತು. ಅಲ್ಲಿ ಯಾರೂ ಕೂಗುವುದಿಲ್ಲ ಎಂದು ಪಾಪ ಅವನಿಗೆ ಗೊತ್ತಿರಲಿಲ್ಲ.

ಮೆಟ್ಟಿಲು ಇಳಿಯುವಾಗ ಪೆಟ್ಟಿಗೆಯನ್ನು ಅವನೇ ಎರಡು ಕೈಯಲ್ಲಿ ಹಿಡಿದುಕೊಂಡ. ಗುಡ್ಡದ ಹಿಂದೆ ಮೊದಲೇ ನಿಲ್ಲಿಸಿದ್ದರೆ ಸೋಲುತ್ತಿರಲಿಲ್ಲ ಎಂದು ಮನೆ ಬರುವವರೆಗೆ ವಾದ ಮಾಡಿದ. ಮನೆಗೆ ಬಂದು ಕೈ ತೊಳೆದು, ಯಾರ ಮುಖವನ್ನೂ ನೋಡದೆ, "ಆ ಕುಳ್ಳರದ್ದು ಎಲ್ಲಿಟ್ಟಿದ್ದೀಯ? ಸುಮ್ಮನೆ ನೋಡೋಣ ಅಂತ," ಎಂದ.

ಕಯಲ್ ಮಂಚದ ಕೆಳಗಿನಿಂದ ಎರಡೂ ಪೆಟ್ಟಿಗೆ ಎಳೆದಳು. ಕುಳ್ಳರನ್ನು ಅಪ್ಪನ ಕೈಗೆ ಕೊಟ್ಟಳು. ಎಲುಬುಗೂಡುಗಳನ್ನು ನನ್ನ ಮಡಿಲಿಗೆ ಹಾಕಿದಳು.

"ನಮ್ಮ ವಯಸ್ಸಿಗೆ ಸರಿಯಾದ ಸೈನ್ಯ, ಸಂಬಂಧಿಯಮ್ಮ," ಎಂದರು ಚೌಡಪ್ಪನವರು.

"ಹಾಗಾದರೆ ಅರ್ಧ ನೀವು ಅಂಟಿಸಿ ಬೀಗರೇ," ಎಂದೆ.

"ಅರ್ಧ ಇಲ್ಲ, ಎಲ್ಲಾ ಅಜ್ಜಿದೇ," ಎಂದಳು ಕಯಲ್. "ರಜಕ್ಕೆ ನಾನು ಕಪ್ಪೆಗಳ ಜೊತೆ ನಿಮ್ಮೂರಿಗೆ ಬರ್ತೀನಿ. ಅಷ್ಟರಲ್ಲಿ ಬಣ್ಣ ಆಗಿರಬೇಕು. ಬಿಸಿಲಿಗೆ ಮಾತ್ರ ಹಾಕಬೇಡಿ."

ಚೆಕ್‌ಪೋಸ್ಟು

ವಾಪಸು ಬರುವಾಗ ಘಟ್ಟ ಹತ್ತಿ, ಕಾಡು ದಾಟಿ, ನಮ್ಮ ಕಡೆಯ ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತಿತು. ಬೋರ್ಡುಗಳು ಮತ್ತೆ ಮಾತಾಡತೊಡಗಿದ್ದವು. ಚೀಲ ನೋಡಲು ಹತ್ತಿದವಳು ಒಬ್ಬ ಹೆಣ್ಣುಮಗಳು, ಪೊಲೀಸು. ಸುಮ ಕೊಟ್ಟ ಬನಿಯನ್ನುಗಳನ್ನು ಸರಿಸಿ ಪೆಟ್ಟಿಗೆ ಎತ್ತಿದಳು. ಮುಚ್ಚಳ ತೆಗೆದವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಏನಜ್ಜಿ ಇದು? ಬುರುಡೆ!"

ಬಸ್ಸಿನವರೆಲ್ಲ ಎದ್ದು ನಿಂತರು. ಮುಂದಿನ ಸೀಟಿನ ಮಗು ಅಮ್ಮನ ಸೊಂಟಕ್ಕೆ ಅಂಟಿಕೊಂಡಿತು. ಮೊಮ್ಮಗಳ ಆಟದ ಸಾಮಾನು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ನನ್ನ ಸೈನ್ಯ ಕಣವ್ವ," ಎಂದೆ.

ಅವಳು ಒಂದು ಎಲುಬುಗೂಡನ್ನು ಎರಡು ಬೆರಳಲ್ಲಿ ಎತ್ತಿ ತಿರುಗಿಸಿ ನೋಡಿದಳು. "ಇದಕ್ಕೆ ಕೈಯೇ ಇಲ್ಲವಲ್ಲ."

"ಕೈಗಳು ಕೆಳಗಿನ ಪೊಟ್ಟಣದಲ್ಲಿವೆ. ಊರಿಗೆ ಹೋಗಿ ಅಂಟಿಸಬೇಕು. ಆಮೇಲೆ ಬಣ್ಣ."

ಅವಳು ಅದನ್ನು ಹುಷಾರಾಗಿ ಒಳಗಿಟ್ಟು, ಮುಚ್ಚಳ ಹಾಕಿ, ಪೆಟ್ಟಿಗೆಯನ್ನು ನನ್ನ ತೊಡೆಯ ಮೇಲೆ ಇಟ್ಟಳು. ಇಳಿಯಲು ಹೋದವಳು ಮೆಟ್ಟಿಲಿನಿಂದ ತಿರುಗಿದಳು.

"ಅಲ್ಲಜ್ಜಿ, ಯಾರ ಮೇಲೆ ಯುದ್ಧ?"

"ನನ್ನ ಮೊಮ್ಮಗಳ ಮೇಲೆ," ಎಂದೆ.